ಮೂರನೇ ಚಿಪ್‌ನ ಹದಿನಾಲ್ಕನೇ ಕಾಲು

"ಇದನ್ನ ಇವತ್ತಿನವರೆಗೂ ಯಾರೂ ಬಿಚ್ಚಿಲ್ಲ," ಎಂದ ಗಿರಾಕಿ. "ನಮ್ಮ ತಂದೆಯವರದು. ತುಂಬ ಜೋಪಾನವಾಗಿ ಇಟ್ಕೊಂಡಿದ್ರು."

ರಿಪೇರಿ ಬೆಂಚಿನ ಹಿಂದೆ ಕೂತಿದ್ದ ತಂಗಿ ಗಿರಾಕಿಯ ಮುಖ ನೋಡಲಿಲ್ಲ, ಅವನು ತಂದ ಹಳೆಯ ವಿಡಿಯೋ ಗೇಮ್ ಯಂತ್ರದ ಸ್ಕ್ರೂಗಳ ಮುಖ ನೋಡಿದಳು. ಆರರಲ್ಲಿ ನಾಲ್ಕರ ತಲೆ ಸವೆದು ಒಳಗಿನ ಲೋಹ ಹೊಸದಾಗಿ ಮಿನುಗುತ್ತಿತ್ತು. ಒಬ್ಬರಲ್ಲ, ಮೂರ್ನಾಲ್ಕು ಜನ ಬೇರೆ ಬೇರೆ ಸ್ಕ್ರೂಡ್ರೈವರ್ ಹಾಕಿ ತಿರುವಿದ ಗುರುತು. ರಿಪೇರಿ ಅಂಗಡಿಯಲ್ಲಿ ಗಿರಾಕಿ ಸುಳ್ಳು ಹೇಳುವುದು ಹೊಸದೇನಲ್ಲ. ಬಕೆಟ್ ನೀರಿಗೆ ಬೀಳಿಸಿ ತಂದವರೂ ತಾನಾಗೇ ಕೆಟ್ಟಿತು ಅಂತಲೇ ಹೇಳುತ್ತಾರೆ.

ಬೆಂಚಿನ ಮೇಲಿದ್ದ ಹಳೆಯ ಟಿವಿಯಲ್ಲಿ ಆಟದ ಚಿತ್ರ ಬಂದಿತ್ತು. ಚಿತ್ರ ಅನ್ನುವುದೂ ಕಷ್ಟ. ಮೇಲಿನಿಂದ ಕೆಳಗಿನವರೆಗೆ ಸಮ ಅಂತರದಲ್ಲಿ ಹಸಿರು ಪಟ್ಟೆಗಳು. ಅವುಗಳ ಹಿಂದೆ ಒಂದು ಪುಟ್ಟ ದೋಣಿ ಬಣ್ಣಗೆಟ್ಟು, ತುಂಡು ತುಂಡಾಗಿ ಓಡಾಡುತ್ತಿತ್ತು.

"ನಾಲ್ಕು ಗಂಟೆಗೆ ಒಬ್ರು ಇದನ್ನ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಚಿತ್ರ ನೆಟ್ಟಗೆ ಬರಬೇಕು. ಬಿಟ್ಟು ಹೋಗಲ್ಲ, ಇಲ್ಲೇ ಕೂತಿರ್ತೀನಿ."

"ಕೂತ್ಕೊಳ್ಳಿ."

ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು. ಗಿರಾಕಿ ಸ್ಟೂಲನ್ನು ಕರವಸ್ತ್ರದಿಂದ ಒರೆಸಿದ, ಕರವಸ್ತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟ, ಆಮೇಲೆ ಕೂತ. ಐವತ್ತರ ಆಸುಪಾಸಿನ ಮನುಷ್ಯ, ಬೂದು ಬಣ್ಣದ ಅಂಗಿ, ತಗ್ಗಿದ ದನಿ. ಬೀದಿಯಲ್ಲಿ ಎದುರು ಬಂದರೆ ಮರುಗಳಿಗೆಗೆ ಮರೆತುಹೋಗುವಂಥ ಮುಖ.

ಬೀದಿಯವರ ಬಾಯಲ್ಲಿ ಇದು ಅಣ್ಣ-ತಂಗಿ ಅಂಗಡಿ. ಈಗ ತಂಗಿ ಒಬ್ಬಳೇ. ಯಾರದೋ ಮನೆಗೇ ಹೋಗಿ ರಿಪೇರಿ ಮಾಡಿಕೊಡಬೇಕೆಂದು ಟೂಲ್ ಬ್ಯಾಗ್ ಹಿಡಿದು ಹೊರಟ ಅಣ್ಣ ವಾಪಸ್ಸು ಬಾರದೆ ಇವತ್ತಿಗೆ ಹತ್ತೊಂಬತ್ತು ದಿನ. ಯಾರ ಮನೆ ಎಂದು ಅವನು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ಆ ಒಂದು ಮಾತು ಕೇಳದೇ ಹೋದೆನಲ್ಲ ಎಂಬುದು ಅವಳನ್ನು ಹತ್ತೊಂಬತ್ತು ದಿನದಿಂದ ತಿನ್ನುತ್ತಿತ್ತು.

ಬೆಳಗ್ಗೆಯೆಲ್ಲ ಅತ್ತಿಗೆ ಜೊತೆಗಿದ್ದಳು. ಫೋನು ಬಂದರೆ ಎತ್ತಿಕೊಂಡು, ಕೌಂಟರ್ ಒರೆಸಿ, ಊಟದ ಡಬ್ಬಿ ಬಿಚ್ಚಿಟ್ಟು, ಒಂದು ಗಂಟೆಗೆ ಎಂದಿನಂತೆ ಪೊಲೀಸ್ ಠಾಣೆಗೆ ಹೊರಟಿದ್ದಳು. ದಿನಾ ಮಧ್ಯಾಹ್ನ ಅಲ್ಲಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಾಳೆ. "ನಾನು ಕಣ್ಣೆದುರಿಗೆ ಕೂತಿದ್ರೆ ಅವರಿಗೆ ನೆನಪಾದ್ರೂ ಇರುತ್ತೆ ಪುಟ್ಟಿ" ಅನ್ನುತ್ತಾಳೆ. ಗಂಡನಿಗಾಗಿ ಅವಳು ಹಿಡಿದ ಈ ಹಟ ಇಲ್ಲದಿದ್ದರೆ ತಂಗಿ ಎಂದೋ ಕೈಚೆಲ್ಲಿ ಕೂರುತ್ತಿದ್ದಳು.

ತಂಗಿ ವೈರು ಕಿತ್ತು, ಮುಚ್ಚಳ ತೆಗೆದಳು. ಅದರ ಕೆಳಗಿನ ತಗಡನ್ನೂ ಎತ್ತಿದಳು. ತಗಡಿನ ಒಳಬದಿಯಲ್ಲಿ ಉಗುರಿನಷ್ಟು ಬಿಳಿ ಚೀಟಿ ಅಂಟಿತ್ತು. ಯಾರೋ ಕೆರೆದು ಕೀಳಲು ನೋಡಿದ್ದರು, ಅರ್ಧ ಉಳಿದಿತ್ತು. ಉಳಿದ ಅರ್ಧದಲ್ಲಿ ನೀಲಿ ಇಂಕಿನ ಎರಡು ಅಂಕಿ.

ಅದು ಅವಳದೇ ಕೈಬರಹ.

ಅಂಗಡಿಗೆ ಬಂದ ಪ್ರತಿ ಯಂತ್ರಕ್ಕೂ ನಂಬರ್ ಬರೆದು ಒಳಗೆ ಅಂಟಿಸುವುದು ಮೊದಲಿನಿಂದಲೂ ಅವಳ ಕೆಲಸ. ಈ ದೋಣಿಯನ್ನು ಎಲ್ಲೋ ನೋಡಿದ್ದೇನೆ ಎಂದು ಆಗಿನಿಂದ ಅನಿಸುತ್ತಿದ್ದದ್ದು ಸುಳ್ಳಲ್ಲ. ಇದು ಅಂಗಡಿಯ ಹಳೆಯ ಗಿರಾಕಿ ಗಡಿಯಾರದ ತಾತನ ಯಂತ್ರ. ತಾತ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಮುಪ್ಪಿನಲ್ಲಿ ಹಳೆಯ ವಿಡಿಯೋ ಗೇಮುಗಳ ಹುಚ್ಚು ಹತ್ತಿಸಿಕೊಂಡವರು. ತಯಾರಿಸಿದವರು ಪರೀಕ್ಷೆಗೆಂದು ಮಾಡಿ, ಮಾರಾಟಕ್ಕೆ ಬಿಡದೆ ಕೈಬಿಟ್ಟ ಆಟವಂತೆ ಅದು. ಯಂತ್ರದ ಒಳಗೇ ಬೆಸೆದಿದ್ದರು, ಬೇರೆಲ್ಲೂ ಇಲ್ಲ. ಎಷ್ಟು ಜನ ಬಂದು ಕೇಳಿದರೂ ತಾತ ಕೊಟ್ಟಿರಲಿಲ್ಲ. ಎರಡು ತಿಂಗಳ ಹಿಂದೆ ಮನೆಯ ಮೆಟ್ಟಿಲಿಂದ ಬಿದ್ದು ತೀರಿಹೋದರು.

ತಾತನಿಗೆ ಮಕ್ಕಳಿರಲಿಲ್ಲ.

"ತಂದೆಯವರು ಈಗ..." ಎಂದಳು, ಆದಷ್ಟು ಮಾಮೂಲು ದನಿಯಲ್ಲಿ.

"ತೀರ್ಕೊಂಡ್ರು."

"ಅಯ್ಯೋ. ಏನಾಗಿತ್ತು?"

"ವಯಸ್ಸಾಗಿತ್ತು." ಅವನು ಗಡಿಯಾರದ ಕಡೆ ನೋಡಿದ. "ನೀವು ಕೆಲಸ ಮಾಡಿ ಮೇಡಂ."

ಗಾಜಿನ ಬಾಗಿಲಾಚೆ ಬೀದಿ ತನ್ನ ಪಾಡಿಗೆ ತಾನು ನಡೆದಿತ್ತು. ಎದುರಿನ ಟೈಲರ್ ಇವರಿಗೆ ಬೆನ್ನು ಹಾಕಿ ಮಷೀನ್ ತುಳಿಯುತ್ತಿದ್ದ. ಕೂಗಿದರೆ ಕೇಳುತ್ತಿತ್ತು. ಆದರೆ ಏನೆಂದು ಕೂಗುವುದು? ಗಿರಾಕಿಯೊಬ್ಬ ಕೆಟ್ಟ ಯಂತ್ರ ತಂದಿದ್ದಾನೆ ಎಂದೇ?

ಕೆಲಸದಲ್ಲಿ ಮುಖ ಮರೆಸಿಕೊಳ್ಳುವುದೇ ಸರಿ ಎಂದು ಮತ್ತೆ ವೈರು ಜೋಡಿಸಿ ಸ್ವಿಚ್ ಹಾಕಿದಳು. ಭೂತಗನ್ನಡಿ ಹಿಡಿದು ಪಟ್ಟೆಗಳನ್ನು ಎಣಿಸಿದಳು.

ಇಂಥ ಯಂತ್ರದಲ್ಲಿ ಚಿತ್ರವನ್ನು ನೆನಪಿಟ್ಟುಕೊಳ್ಳುವ ಚಿಪ್‌ಗಳು ಎಂಟು, ಸಾಲಾಗಿ ಕೂತಿರುತ್ತವೆ. ಪರದೆಯ ಪ್ರತಿ ಎಂಟು ಚುಕ್ಕಿಯಲ್ಲಿ ಒಂದೊಂದು ಚುಕ್ಕಿ ಒಂದೊಂದು ಚಿಪ್‌ನ ಜವಾಬ್ದಾರಿ. ಒಂದು ಚಿಪ್ ಕೈಕೊಟ್ಟರೆ ಅದರ ಪಾಲಿನ ಚುಕ್ಕಿಗಳೆಲ್ಲ ಕೆಟ್ಟು ಪರದೆ ತುಂಬ ಪಟ್ಟೆ. ಎಣಿಸಿದರೆ ಮೂರನೆಯ ಚುಕ್ಕಿ. ಅಂದರೆ ಮೂರನೇ ಚಿಪ್.

ಅದನ್ನು ಖಚಿತ ಮಾಡಿಕೊಳ್ಳಲು ಎಲ್ಲ ರಿಪೇರಿಯವರೂ ಮಾಡುವ ಉಪಾಯ ಒಂದೇ. ಒಳ್ಳೆಯ ಚಿಪ್ಪೊಂದನ್ನು ಅನುಮಾನದ ಚಿಪ್‌ನ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸುವುದು. ಈ ಅಂಗಡಿಯಲ್ಲಿ ಅದಕ್ಕೆ ಕೂಸುಮರಿ ಎಂದು ಹೆಸರು. ಪಟ್ಟೆ ಮಾಯವಾದರೆ ಕಳ್ಳ ಸಿಕ್ಕಿದ ಹಾಗೆ.

ತಂಗಿ ಕೂಸುಮರಿ ಕೂರಿಸಲಿಲ್ಲ. ಸ್ವಿಚ್ ಆರಿಸಿ, ಮೀಟರಿನ ಕಪ್ಪು ಕಡ್ಡಿಯನ್ನು ಮೂರನೇ ಚಿಪ್‌ನ ಹದಿನಾಲ್ಕನೇ ಕಾಲಿಗೆ ಒತ್ತಿದಳು, ಕೆಂಪು ಕಡ್ಡಿಯನ್ನು ಆ ಕಾಲಿನಿಂದ ಹೊರಟ ತಾಮ್ರದ ಎಳೆ ಹೋಗಿ ಸೇರುವ ಕಡೆಗೆ. ಎಳೆ ಸರಿಯಿದ್ದರೆ ಮೀಟರ್ ಕುಂಯ್ ಅನ್ನಬೇಕು.

ಮೀಟರ್ ತುಟಿಪಿಟಕ್ಕೆನ್ನಲಿಲ್ಲ.

ಕೈ ಯಾಕೆ ನೇರವಾಗಿ ಅಲ್ಲಿಗೇ ಹೋಯಿತು ಎಂದು ಅವಳಿಗೇ ತಿಳಿಯಲಿಲ್ಲ. ಮರುಕ್ಷಣ ತಿಳಿಯಿತು.

ಅಪ್ಪ ಇದ್ದಾಗ ಈ ಅಂಗಡಿಯಲ್ಲಿ ಒಂದು ಆಟ ನಡೆಯುತ್ತಿತ್ತು. ಪಾಠ ಅಂದರೆ ಮಕ್ಕಳು ಓಡಿಹೋಗುತ್ತಾರೆಂದು ಅಪ್ಪ ಅದನ್ನು ಆಟ ಎನ್ನುತ್ತಿದ್ದರು. ಚೆನ್ನಾಗಿರುವ ಬೋರ್ಡಿನಲ್ಲಿ ಒಬ್ಬರು ಬೇಕೆಂದೇ ಒಂದು ತಪ್ಪು ಮಾಡಿಡಬೇಕು. ಅಮ್ಮ ಊಟಕ್ಕೆ ಕರೆಯುವಷ್ಟರಲ್ಲಿ ಇನ್ನೊಬ್ಬರು ಅದನ್ನು ಹಿಡಿಯಬೇಕು. ಅಣ್ಣ ಬ್ಲೇಡಿನ ತುದಿಯಿಂದ ತಾಮ್ರದ ಎಳೆಯನ್ನು ಕೂದಲಿನಷ್ಟು ತೆಳ್ಳಗೆ ಕೊಯ್ದು, ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಸವರಿಬಿಡುತ್ತಿದ್ದ. ಒಣಗಿದ ಮೇಲೆ ಬೋರ್ಡ್ ಮೊದಲಿನಂತೆಯೇ ಹೊಳೆಯುತ್ತಿತ್ತು. ಕೂಸುಮರಿ ಕೂರಿಸಿದರೂ, ಚಿಪ್ಪನ್ನೇ ಬದಲಾಯಿಸಿದರೂ ಪಟ್ಟೆ ಹೋಗುತ್ತಿರಲಿಲ್ಲ, ಏಕೆಂದರೆ ಕೆಟ್ಟಿದ್ದು ಚಿಪ್ ಅಲ್ಲ, ಅದರ ದಾರಿ.

ಕೈಚಳಕದಲ್ಲಿ ಅಣ್ಣ ಎತ್ತಿದ ಕೈ. ಆದರೆ ಸೋಮಾರಿ. ಪ್ರತಿ ಸಲವೂ ಕೊಯ್ಯುತ್ತಿದ್ದದ್ದು ಒಂದೇ ಕಡೆ, ಮೂರನೇ ಚಿಪ್‌ನ ಹದಿನಾಲ್ಕನೇ ಕಾಲು. ಪ್ರತಿ ಸಲವೂ ತಂಗಿ ಗೆಲ್ಲುತ್ತಿದ್ದಳು, ಪ್ರತಿ ಸಲವೂ ಅವನು ಮೋಸ ಮೋಸ ಎಂದು ಅಂಗಡಿ ಹಾರಿಹೋಗುವಂತೆ ಕೂಗುತ್ತಿದ್ದ. ಈ ಆಟ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಯಾವ ಕಾಲು ಎಂಬುದಂತೂ ಅಣ್ಣ-ತಂಗಿಗೆ ಮಾತ್ರ.

ಅವಳು ಭೂತಗನ್ನಡಿಯನ್ನು ಕಾಲಿನ ಬುಡಕ್ಕೆ ತಂದಳು. ಇತ್ತು. ಕೂದಲಿನಂಥ ಕೊಯ್ತ, ಮೇಲೆ ಹೊಳಪಿನ ತೆಳು ಪರೆ. ಸೂಜಿಯಿಂದ ಮೆಲ್ಲಗೆ ಕೆರೆದಳು. ಪರೆ ಇನ್ನೂ ಮೆತ್ತಗಿತ್ತು, ಸೂಜಿಯ ತುದಿಗೆ ಮೇಣದಂತೆ ಸುತ್ತಿಕೊಂಡಿತು. ಮೂಗಿಗೆ ಆ ಘಾಟು ಬಡಿಯಿತು.

ಇದು ನಿನ್ನೆ ಮೊನ್ನೆಯ ಕೆಲಸ. ಮೊನ್ನೆಯವರೆಗೂ ಅಣ್ಣ ಬದುಕಿದ್ದ! ಹತ್ತೊಂಬತ್ತು ದಿನ ಕಣ್ಣಲ್ಲೇ ಇಂಗಿಸಿಕೊಂಡ ನೀರು ಈಗ ನುಗ್ಗಿ ಬಂತು. ತಲೆ ಇನ್ನಷ್ಟು ಬಗ್ಗಿಸಿ, ಧೂಳು ಕಣ್ಣಿಗೆ ಹೋದವಳಂತೆ ತೋಳಿನಿಂದ ಒರೆಸಿಕೊಂಡಳು.

ಖುಷಿ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಅದರ ಹಿಂದೆಯೇ ಭಯ ಬಂದು ಕೂತಿತು.

ಅಣ್ಣ ಈ ತಪ್ಪನ್ನು ಯಾಕೆ ಮಾಡಿಟ್ಟ? ಪಟ್ಟೆ ಇರುವವರೆಗೆ ಇವರಿಗೆ ರಿಪೇರಿಯವನು ಬೇಕು. ಚಿತ್ರ ನೆಟ್ಟಗಾದ ಗಳಿಗೆಯಲ್ಲಿ ಅವನಿಂದ ಆಗಬೇಕಾದದ್ದು ಮುಗಿಯಿತು. ಆ ಕೊಯ್ತ ಅವನ ಜೀವವನ್ನು ಹಿಡಿದಿಟ್ಟಿತ್ತು, ಮತ್ತು ಅದನ್ನು ಬೆಸೆಯುವ ಸೋಲ್ಡರಿಂಗ್ ಐರನ್ ಈಗ ಅವಳ ಬಲಗೈಯ ಪಕ್ಕದಲ್ಲೇ ಕಾಯುತ್ತಿತ್ತು.

ಇನ್ನೊಂದು ವಿಷಯ ಅವಳ ತಲೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಅಣ್ಣನ ನೈಲ್ ಪಾಲಿಶ್ ಬಾಟಲಿ ಟೂಲ್ ಬ್ಯಾಗಿನಲ್ಲಿ ಇರಲೇ ಇಲ್ಲ. ಅದು ಇಲ್ಲೇ, ಈ ಬೆಂಚಿನ ಡ್ರಾಯರಿನಲ್ಲಿದೆ. ಕೂಡಿಹಾಕಿದ ಮನೆಯಲ್ಲಿ ಅವನ ಕೈಗೆ ಅದು ಎಲ್ಲಿಂದ ಬಂತು? ಎದುರಿಗೆ ಕೂತ ಈ ಮನುಷ್ಯನ ಉಗುರುಗಳನ್ನು ಕದ್ದು ನೋಡಿದಳು. ನೀಟಾಗಿ ಕತ್ತರಿಸಿದ, ಬರಿಯ ಉಗುರು. ಹಾಗಾದರೆ ಆ ಮನೆಯಲ್ಲಿ ಯಾರೋ ಹೆಂಗಸಿದ್ದಾಳೆ.

ಸುಳ್ಳು ಹೇಳಲೇಬೇಕಿತ್ತು. ಸುಳ್ಳು ಹೇಳುವುದರಲ್ಲಿ ತಂಗಿ ಹುಟ್ಟಾ ದಡ್ಡಿ. ಅಣ್ಣನ ಪರವಾಗಿ ಅಪ್ಪನಿಗೆ ಹೇಳಿದ ಒಂದು ಸುಳ್ಳೂ ಐದು ನಿಮಿಷ ಬಾಳಿರಲಿಲ್ಲ. ಆದರೂ ಮೀಟರಿನ ಕಡ್ಡಿಗಳನ್ನು ಸುತ್ತಿಡುತ್ತ ಹೇಳಿದಳು.

"ಮೂರನೇ ಚಿಪ್ ಸತ್ತೋಗಿದೆ ಸಾರ್. ಈಗ ಅದು ಸಿಗೋದೇ ಕಷ್ಟ, ತರಿಸ್ಬೇಕು. ಎರಡು ದಿನ ಬಿಟ್ಟು ಬನ್ನಿ."

"ಎರಡು ದಿನ."

"ಹೂಂ. ಬೇಗ ಬಂದ್ರೆ ನಾನೇ ಫೋನ್ ಮಾಡ್ತೀನಿ. ನಂಬರ್ ಕೊಟ್ಟು ಹೋಗಿ."

ಗಿರಾಕಿ ಎದ್ದ. ಹೊರಟ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಬಾಗಿಲ ಬಳಿ ನಿಂತು, ಗಾಜಿಗೆ ನೇತುಹಾಕಿದ್ದ ಬೋರ್ಡನ್ನು ತಿರುಗಿಸಿದ. 'ಮುಚ್ಚಿದೆ' ಎಂಬುದು ಈಗ ಬೀದಿಯ ಕಡೆಗಿತ್ತು. ಚಿಲಕ ಹಾಕಿ, ಬಾಗಿಲಿನ ಬಟ್ಟೆ ಪರದೆಯನ್ನು ಅಂಚಿನವರೆಗೂ ಎಳೆದ. ಸದ್ದೇ ಆಗದ ಹಾಗೆ ಅಷ್ಟನ್ನೂ ಮಾಡಿ ಬಂದು ಅದೇ ಸ್ಟೂಲಿನ ಮೇಲೆ ಕೂತ.

"ಮೇಡಂ, ನಿನ್ನೆಯಿಂದ ನಾಲ್ಕು ಅಂಗಡಿ ಸುತ್ತಿದ್ದೀನಿ."

ಅವಳು ಮೀಟರನ್ನು ಪಕ್ಕಕ್ಕೆ ಸರಿಸಿದಳು.

"ನಾಲ್ಕು ಜನಾನೂ ಒಳ್ಳೆ ಕೆಲಸಗಾರರೇ. ಎಲ್ರೂ ಒಂದೇ ಕೆಲಸ ಮಾಡಿದ್ರು. ಎಂಟು ಚಿಪ್ ಮೇಲೂ ಇನ್ನೊಂದು ಚಿಪ್ ಇಟ್ಟು ಇಟ್ಟು ನೋಡಿದ್ರು. ಒಬ್ಬ ಅಂತೂ ಮೂರನೇದನ್ನ ಕಿತ್ತು ಹೊಸದೇ ಹಾಕ್ದ. ಎರಡೆರಡು ಗಂಟೆ ಕೂತು ಕೈ ಎತ್ತಿದ್ರು. ನಾನು ಎದುರಿಗೇ ಕೂತು ನೋಡ್ತಿದ್ದೆ, ಹೀಗೇ." ಅವನು ಬೆರಳು ಚಾಚಿ ಬೋರ್ಡನ್ನು ತೋರಿಸಿದ. "ನೀವು ಒಂದನ್ನೂ ಇಟ್ಟು ನೋಡಲಿಲ್ಲ. ನೇರ ಅಲ್ಲಿಗೇ ಹೋದ್ರಿ."

ತಂಗಿ ಪತ್ತೆ ಮಾಡಲಾಗದೆ ಒದ್ದಾಡಿದ್ದರೆ ಪಾರಾಗುತ್ತಿದ್ದಳು. ಬೇಗ ಪತ್ತೆ ಮಾಡಿದ್ದೇ ತಪ್ಪಾಗಿತ್ತು.

"ಅಂದಾಜಿನ ಮೇಲೆ ನೋಡ್ದೆ," ಎಂದಳು. ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು.

"ಅಂದಾಜು ಮಾಡಿದವರು ಅಳಲ್ಲ ಮೇಡಂ."

ಅವನು ಅಂಗೈ ಚಾಚಿದ. ಏನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಬೆಂಚಿನ ಮೂಲೆಯಲ್ಲಿದ್ದ ತನ್ನ ಫೋನನ್ನು ಎತ್ತಿ ಕೊಟ್ಟಳು. ಅವನು ಅದನ್ನು ಆರಿಸಿ, ಕರವಸ್ತ್ರದಿಂದ ಒರೆಸಿ ತನ್ನ ಜೇಬಿಗಿಟ್ಟುಕೊಂಡ. ಹೊಡೆದಿದ್ದರೂ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಅಣ್ಣ ಎಲ್ಲಿ?"

"ನಿಮ್ಮಣ್ಣ ಹದಿನೇಳು ದಿನ ತಗೊಂಡ," ಎಂದ ಅವನು, ಕೇಳಿದ್ದಕ್ಕೆ ಉತ್ತರ ಕೊಡದೆ. "ಮೆಟ್ಟಿಲ ಮೇಲಿಂದ ಉರುಳಿ ಯಂತ್ರಕ್ಕೂ ಪೆಟ್ಟಾಗಿತ್ತಲ್ಲ. ಮೊನ್ನೆ ಬೆಳಗ್ಗೆ ಸರಿಹೋಯ್ತು. ಏನ್ ಬಣ್ಣ, ಏನ್ ದೋಣಿ! ನಾನು ಊಟ ಮಾಡಿ ಬರೋಷ್ಟರಲ್ಲಿ ಮತ್ತೆ ಪಟ್ಟೆ. ಕೇಳಿದ್ರೆ ಹಳೇ ಯಂತ್ರ, ಹಾಗೇನೆ ಅಂದ. ಎಷ್ಟು ಕೇಳಿದ್ರೂ ಅದೇ ಮಾತು."

ಎಷ್ಟು ಕೇಳಿದರೂ ಎಂದರೆ ಅಣ್ಣನನ್ನು ಹೇಗೆ ಕೇಳಿದ್ದಾರೆಂದು ಅವಳಿಗೆ ಅರ್ಥವಾಯಿತು. ಅದಕ್ಕಿಂತ ಮೊದಲಿನ ಮಾತೂ ಅವಳ ಕಿವಿಗೆ ಬಿದ್ದಿತ್ತು. ತಾತನ ಜೊತೆ ಯಂತ್ರವೂ ಮೆಟ್ಟಿಲಿಂದ ಉರುಳಿತ್ತೆಂದು ಪತ್ರಿಕೆಯಲ್ಲಿ ಬಂದಿರಲಿಲ್ಲ. ಅದು ಗೊತ್ತಿರುವುದು ಆಗ ಮೆಟ್ಟಿಲ ಮೇಲೆ ನಿಂತಿದ್ದವನಿಗೆ ಮಾತ್ರ. ಇವನು ಇದನ್ನೆಲ್ಲ ತನ್ನೆದುರು ಇಷ್ಟು ಸಲೀಸಾಗಿ ಹೇಳುತ್ತಿದ್ದಾನೆಂದರೆ, ತಾನು ಇದನ್ನು ಇನ್ನೊಬ್ಬರಿಗೆ ಹೇಳುವ ದಿನ ಬರುವುದಿಲ್ಲವೆಂದು ಲೆಕ್ಕ ಹಾಕಿಕೊಂಡೇ ಬಂದಿದ್ದಾನೆ.

"ಇಲ್ಲಿಗೆ ಬರೋಕೆ ನನಗೂ ಇಷ್ಟ ಇರಲಿಲ್ಲ," ಎಂದ ಅವನು. "ಕಾಣೆಯಾದವನ ಅಂಗಡಿಗೇ ಬರೋದು ಅಂದ್ರೆ! ಆದ್ರೆ ಈ ಊರಲ್ಲಿ ಇದು ತಿಳಿಯೋದು ನಿಮಗೊಬ್ರಿಗೇ ಅಂತ ಗೊತ್ತಾಯ್ತು."

"ಯಾರು ಹೇಳಿದ್ದು?"

ಅವನು ಮತ್ತೆ ಗಡಿಯಾರದ ಕಡೆ ನೋಡಿದ.

ಅಣ್ಣ ಹೇಳಿರಲಿಕ್ಕಿಲ್ಲ. ಚರ್ಮ ಸುಲಿದರೂ ಅವನು ಇಂಥವನನ್ನು ತಂಗಿಯ ಬಾಗಿಲಿಗೆ ಕಳಿಸುವವನಲ್ಲ. ಹಾಗಾದರೆ ಇನ್ಯಾರು? ಅಪ್ಪ ಅಮ್ಮ ಇಬ್ಬರೂ ಇಲ್ಲ. ಆ ಆಟ ಗೊತ್ತಿದ್ದವರನ್ನು ಅವಳು ಮನಸ್ಸಿನಲ್ಲೇ ಎಣಿಸತೊಡಗಿದಳು. ಎಣಿಸಲು ಹೆಚ್ಚು ಬೆರಳು ಬೇಕಿರಲಿಲ್ಲ, ಆದರೂ ಮನಸ್ಸು ಅರ್ಧದಲ್ಲೇ ನಿಂತುಬಿಟ್ಟಿತು.

"ಬೆಸೆಯಿರಿ," ಎಂದ ಗಿರಾಕಿ. "ಎರಡು ನಿಮಿಷದ ಕೆಲಸ ಅಂತ ಕಾಣುತ್ತೆ."

"ಬೆಸೆದ ಮೇಲೆ ಅಣ್ಣನನ್ನ ಏನ್ ಮಾಡ್ತೀರಿ?"

"ಮನೆಗೆ ಕಳಿಸ್ತೀನಿ."

ಇದು ಅವನ ಇನ್ನೊಂದು ಸುಳ್ಳು. ತಂಗಿ ಐರನ್ನನ್ನು ಮುಟ್ಟಲಿಲ್ಲ. ಕೈಗಳೆರಡನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಮೊದಲು ಅವನ ಜೊತೆ ಮಾತಾಡಿಸಿ. ಅವನ ದನಿ ಕೇಳಬೇಕು ನಾನು. ಆಮೇಲೆ ಬೆಸೆದು ಕೊಡ್ತೀನಿ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಈ ಐರನ್ ತಗೊಂಡು ಎಂಟು ಚಿಪ್ಪೂ ಸುಟ್ಟುಬಿಡ್ತೀನಿ. ದೋಣಿ ಆಟ ಇರೋ ಚಿಪ್ಪನ್ನೂ. ನಾಲ್ಕು ಗಂಟೆಗೆ ಬರೋರಿಗೆ ಡಬ್ಬಿ ತೋರಿಸಿ."

ಮೊದಲ ಸಲ ಅವನ ಮುಖದಲ್ಲಿ ಏನೋ ಅಲುಗಿತು. ಅವನು ಅವಳನ್ನು, ಐರನ್ನನ್ನು, ಬೋರ್ಡನ್ನು ಸರದಿಯಂತೆ ನೋಡಿದ. ಎರಡೂ ಮುಕ್ಕಾಲು ಆಗಿತ್ತು. ಪರದೆಯಾಚೆ ಯಾರೋ ಬಂದು ಬಾಗಿಲು ತಳ್ಳಿ ನೋಡಿ, ಬೋರ್ಡ್ ಓದಿಕೊಂಡು ಗೊಣಗುತ್ತ ಹೋದರು. ಕೂಗಿದರೆ ಅಣ್ಣನ ಗತಿಯೇನೆಂದು ತಂಗಿ ಹೆಜ್ಜೆಯ ಸದ್ದು ಅಳಿಯುವವರೆಗೆ ಬಾಯಿ ಬಿಡಲಿಲ್ಲ.

ಅವನು ತನ್ನ ಫೋನ್ ತೆಗೆದು ನಂಬರ್ ಒತ್ತಿ, ಸ್ಪೀಕರ್ ಹಾಕಿ ಬೋರ್ಡಿನ ಪಕ್ಕದಲ್ಲಿಟ್ಟ.

ಒಂದು ರಿಂಗ್. ಎರಡು. ಮೂರು. ತಂಗಿ ಮನಸ್ಸಿನಲ್ಲೇ ಅಣ್ಣನ ಹಲೋವನ್ನು ಕೇಳಿಸಿಕೊಳ್ಳತೊಡಗಿದಳು, ಮೂಗಿನಲ್ಲಿ ಶುರುವಾಗಿ ಅರ್ಧದಲ್ಲೇ ನಗುವಾಗುವ ಆ ಹಲೋವನ್ನು. ಅದೊಂದು ಕೇಳಿದರೆ ಸಾಕು, ಮುಂದಿನದನ್ನು ನೋಡಿಕೊಳ್ಳೋಣ ಎಂದುಕೊಂಡಳು.

"ಸಿಕ್ತಾ ಅವಳಿಗೆ?" ಎಂದಿತು ಆ ಕಡೆಯ ದನಿ.

ಹೆಂಗಸಿನ ದನಿ.

"ನಾನು ಹೇಳಿರಲಿಲ್ವಾ? ನಾಲ್ಕು ಕಡೆ ಸುಮ್ನೆ ಅಲೆದ್ರಿ. ಪುಟ್ಟಿಗಾದ್ರೆ ಒಂದೇ ಸಲಕ್ಕೆ ಸಿಗುತ್ತೆ."

ತಂಗಿ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಒಂದು ಗಂಟೆಗೆ ಇದೇ ದನಿ ಡಬ್ಬಿಯಲ್ಲಿರೋದು ಆರೋ ಮುಂಚೆ ತಿನ್ನು ಎಂದು ಗದರಿ, ಠಾಣೆಗೆ ಹೋಗಿ ಬರ್ತೀನಿ ಎಂದು ಹೇಳಿ ಹೋಗಿತ್ತು.

"ಸ್ಪೀಕರ್ ಹಾಕಿದ್ದೀನಿ," ಎಂದ ಗಿರಾಕಿ. "ಕೇಳಿಸ್ಕೊಳ್ತಿದ್ದಾರೆ."

ಆ ಕಡೆ ಒಂದು ಕುರ್ಚಿ ಸರಿದಂತಾಯಿತು.

"ಅತ್ತಿಗೆ," ಎಂದಳು ತಂಗಿ. "ಅಣ್ಣನಿಗೆ ಫೋನ್ ಕೊಡಿ."

"ಪುಟ್ಟಿ, ನಾನು ಹೇಳೋದು ಕೇಳು..."

"ಅಣ್ಣನಿಗೆ ಕೊಡಿ ಅತ್ತಿಗೆ. ನೀವೇನೂ ಹೇಳಬೇಡಿ. ಅವನ ಕೈಗೆ ಕೊಡಿ."

ಅತ್ತಿಗೆ ಅಳುತ್ತಿರಲಿಲ್ಲ. ಹತ್ತೊಂಬತ್ತು ದಿನ ತಂಗಿಯ ಹೆಗಲಿನ ಮೇಲೆ ತಲೆಯಿಟ್ಟು ಅತ್ತವಳ ದನಿಯಲ್ಲಿ ಈಗ ಒಂದು ಹನಿ ಅಳುವೂ ಇರಲಿಲ್ಲ. ಅವಸರ ಮಾತ್ರ ಇತ್ತು, ಮತ್ತು ಭಯ.

"ಹೇಗೆ ಕೊಡ್ಲಿ ಪುಟ್ಟಿ? ನಿಮ್ಮಣ್ಣ ನಿನ್ನೆ ಸಂಜೆಯಿಂದ ಕಣ್ಣು ಬಿಟ್ಟಿಲ್ಲ. ಎಷ್ಟು ಕರೆದ್ರೂ ಏಳ್ತಿಲ್ಲ. ನೀನು ಆ ಚಿತ್ರ ಬರಿಸು, ಆ ಕ್ಷಣವೇ ಡಾಕ್ಟರನ್ನ ಕರೆಸ್ತೀವಿ. ಬೇಗ ಮುಗಿಸು."